ಎಡಗಡೆ ಮುಂದಿನ ಸದ್ದು

ನೋಡುವ ಮೊದಲೇ ಗೊತ್ತಾಯಿತು ನನಗೆ,
ಸಾಗರ ರಸ್ತೆಯಿಂದ ಆಟೋ ಕಾಂಪ್ಲೆಕ್ಸಿನ ಒಳಕ್ಕೆ ತಿರುಗುವಾಗಲೇ.
ಚರಂಡಿ ಚಪ್ಪಡಿ ಹತ್ತಿ ಇಳಿಯುವಾಗ ಒಂದು ಟಕ್,
ಬ್ರೇಕು ಹಿಡಿದಾಗ ಅದರ ತಮ್ಮನಂಥ ಇನ್ನೊಂದು.
ತೀರ್ಥೇಶನ ಕ್ಯಾಂಪರ್.
ಯಡೂರಿನ ಆಚೆ, ಹೆಸರಿಲ್ಲದ ಗುಡ್ಡದ ನೆತ್ತಿಯ ಟವರಿಗೆ
ಡೀಸೆಲ್ ಹೊರುವ ಗಾಡಿ.

ಕಂಪನಿ ಕೊಟ್ಟ ಟೈರು ಬಿಚ್ಚಿ ಮಾರಿ
ಮೂವತ್ತಮೂರು ಇಂಚಿನವು ಹಾಕಿಸಿದ್ದ, ಹೋದ ದೀಪಾವಳಿಗೆ.
ಬೇಡ ಮಾರಾಯ, ಅಷ್ಟು ದೊಡ್ಡ ಕಾಲಿಗೆ
ಈ ಸೊಂಟ ಸಾಲದು ಅಂದಿದ್ದೆ.
ಅವನು ಫೋಟೋ ತೋರಿಸಿದ:
ಕೆಸರಿನಲ್ಲಿ ಎದೆಯುಬ್ಬಿಸಿ ನಿಂತ ಗಾಡಿ,
ಪಕ್ಕದಲ್ಲಿ ಕಪ್ಪು ಕನ್ನಡಕದ ತಾನು.
ಫೋಟೋಗೆ ಸದ್ದಿಲ್ಲವಲ್ಲ.

ಜಾಕು ಕೊಟ್ಟು ಎತ್ತಿ, ಚಕ್ರ ಬಿಚ್ಚಿ
(ಹುಡುಗ ರಿಹಾನ್ ಒಬ್ಬನೇ ಎತ್ತಲಾರ ಅದನ್ನು,
ಉರುಳಿಸಿ ಗೋಡೆಗೆ ಒರಗಿಸಿದ)
ಲೋವರ್ ಆರ್ಮಿಗೂ ಚಾಸಿಗೂ ನಡುವೆ ಹಾರೆ ತೂರಿಸಿ ಮೀಟಿದರೆ
ಬೆರಳಗಲ ಆಡಿತು.
ಆಡಬಾರದು. ಅಲ್ಲಿ ಆಡಿದರೂ ಕೂದಲೆಳೆಯಷ್ಟು,
ಹೊಸ ಬೀಗರ ಮನೆಯಲ್ಲಿ ಮಾತಾಡಿದ ಹಾಗೆ.

ಪ್ರೆಸ್ಸಿಗಿಟ್ಟು ತಳ್ಳಿದಾಗ ಹೊರಬಂತು.
ರಬ್ಬರು ಅನ್ನಬೇಕು ಅದಕ್ಕೆ,
ಒಣಗಿದ ಮುರುಗಲ ಸಿಪ್ಪೆ ಅಂದರೂ ನಡೆಯುತ್ತದೆ.
ಒಂದು ಕಡೆ ಸವೆದು ತೆಳುವಾಗಿ, ಇನ್ನೊಂದು ಕಡೆ ಸೀಳಿ,
ಒಳಗಿನ ಕೊಳವೆ ಹೊರಗಿನ ಕೊಳವೆಗೆ ನೇರ ಉಜ್ಜಿಕೊಂಡು
ಬೆಳ್ಳಗೆ ಮಿರುಗುತ್ತಿತ್ತು.
ಆ ಹೊಳಪು ನೋಡಿ ಖುಷಿಪಡುವವನು
ಮೆಕ್ಯಾನಿಕ್ ಅಲ್ಲ.

"ಇಷ್ಟೇ ಇಷ್ಟಿದೆಯಲ್ಲೋ, ಇದಕ್ಕಾ ನಾಲ್ಕು ಸಾವಿರ?"
ಅಂದ ತೀರ್ಥೇಶ, ಅಂಗೈಲಿ ಉರುಳಿಸುತ್ತ.
ನಾಲ್ಕು ಬುಷ್ಷಿಗೆ, ಕೂಲಿ ಸೇರಿ, ಅಂದೆ.
ಇದು ಗಾಡಿಯಲ್ಲಿ ಏನೂ ಮಾಡುವುದಿಲ್ಲ,
ಎಳೆಯುವುದಿಲ್ಲ, ಉರಿಯುವುದಿಲ್ಲ,
ಎರಡು ಕಬ್ಬಿಣದ ಜಗಳ ನುಂಗಿಕೊಂಡು ಕೂತಿರುತ್ತದೆ.
ನೀನು ಅದಕ್ಕೆ ಎರಡರಷ್ಟು ತಿನ್ನಿಸಿದೆ.

ಟೈರು?
"ಟೈರು ಇರಲಿ."
ಇರಲಿ. ಮುಂದಿನ ಮಳೆಗಾಲಕ್ಕೆ ಮತ್ತೆ ಬರುತ್ತೀಯ,
ಬಂದರೆ ನನಗೇ ಲಾಭ.

ಬಂದದ್ದು ಒಂಬತ್ತನೇ ದಿನಕ್ಕೆ.
ಸದ್ದಿಲ್ಲದೆ ಬಂದ, ನಾನು ತಲೆ ಎತ್ತಲೂ ಇಲ್ಲ.
ಬಾನೆಟ್ಟಿಗೆ ಒರಗಿ ನಿಂತ. ಚಹಾ ಹೇಳಿದ, ಕುಡಿಯಲಿಲ್ಲ.

ಆಮೇಲೆ ಶುರುಮಾಡಿದ:
ವಾರಕ್ಕೊಮ್ಮೆ ನರ್ಸಮ್ಮ ಹತ್ತುತ್ತಾರೆ, ಫಿಲೋಮಿನಾ ಅಂತ,
ಲಸಿಕೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು,
ಗುಡ್ಡದ ಹಿಂದಿನ ಏಳು ಮನೆಗೆ.
ವರ್ಷದಿಂದ ನನ್ನ ಪಕ್ಕದಲ್ಲೇ.
ಈ ಬುಧವಾರ ಮೂರನೇ ತಿರುವಿನಲ್ಲಿ, ಕೆಳಗೆ ಹೊಳೆ ಕಾಣುವಲ್ಲಿ,
ಗಾಡಿ ಸುಮ್ಮನಿತ್ತು ನೋಡು,
ಅವರು ಹೇಳುತ್ತಿದ್ದದ್ದು ಕೇಳಿಸಿತು.
ಮೆಲ್ಲಗೆ, ಮೆಲ್ಲಗೆ, ತಂದೆಯೇ ಮೆಲ್ಲಗೆ.
ದೇವರಿಗೋ, ನನಗೋ.
ಯಾವಾಗಿನಿಂದ ಹೀಗೆ ಅಂತ ಕೇಳಿದೆ.
ಮೊದಲ ದಿನದಿಂದ, ಅಂದರು.
ನಿಮಗೆ ಕೇಳಿಸುತ್ತದೆ, ಬೇಕೆಂದೇ ಓಡಿಸುತ್ತೀರಿ
ಅಂದುಕೊಂಡಿದ್ದೆ.

ನಾನೇನೂ ಹೇಳಲಿಲ್ಲ.
ಸ್ಪ್ಯಾನರು ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಹಳೇ ಸೈಜಿನ ನಾಲ್ಕು ಟೈರು ಗುಜರಿ ಸಮದನ ಹತ್ತಿರ ಸಿಕ್ಕವು,
ಬಟನ್ ಇನ್ನೂ ಅರ್ಧ ಇತ್ತು.
ಹೋಗುವಾಗ ಗಾಡಿ ಎರಡಿಂಚು ಕುಳ್ಳಗಾಗಿತ್ತು.
ಚರಂಡಿ ಚಪ್ಪಡಿ ಹತ್ತಿತು, ಇಳಿಯಿತು.
ಕಿವಿಗೊಟ್ಟೆ.
ಹಿಂದಿನ ಡಾಲಾದ ಚಿಲಕ ಮಾತ್ರ ಗಲಗಲ ಅಂತು.
ಅದಕ್ಕೆ ಅವನು ದುಡ್ಡು ಕೊಟ್ಟಿರಲಿಲ್ಲ.

ಆ ದೊಡ್ಡ ಟೈರು ಇಲ್ಲೇ ಇವೆ, ಶೆಡ್ಡಿನ ಮುಂದೆ.
ಒಂದರೊಳಗೆ ನಾಯಿ ಮರಿ ಹಾಕಿದೆ, ಐದು.
ರಿಹಾನ್ ಹಳೇ ಬುಷ್ಷಿಗೆ ದಾರ ಕಟ್ಟಿ
ಸಿಮೆಂಟಿನ ಮೇಲೆ ಎಳೆಯುತ್ತಾನೆ.
ಈಗಷ್ಟೇ ಕಣ್ಣು ಬಿಟ್ಟ ಮರಿಗಳು
ಸದ್ದು ಬಂದ ಕಡೆಗೆ
ಒಂದೊಂದಾಗಿ ತಲೆ ತಿರುಗಿಸುತ್ತವೆ.